ಹನಗೋಡಿನ ತಲೆ ಮೇಲೆ

ಸಂಕ್ರಾಂತಿ ಕಳೆದ ಮೇಲಿನ ಬೆಳಗು. ಲಕ್ಷ್ಮಣತೀರ್ಥದ ಮೇಲೆ ಕೂತ ಮಂಜು ಹನಗೋಡಿನ ಅಣೆಕಟ್ಟೆಯ ಬಳಿ ಇನ್ನೂ ಎದ್ದಿಲ್ಲ. ರಾಗಿ ಕೊಯ್ಲು ಮುಗಿದಿದೆ. ಕಣದಲ್ಲಿ ಮೆದೆ ನಿಂತಿದೆ. ಅದನ್ನು ಕಾಯಲು ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತಿದ್ದವರು ಕೆಂಪು ಕಣ್ಣು ಉಜ್ಜಿಕೊಳ್ಳುತ್ತ, ಕಂಬಳಿ ಹೆಗಲಿಗೆಸೆದುಕೊಂಡು ಊರ ಕಡೆ ಬರುತ್ತಿದ್ದಾರೆ. ರಾತ್ರಿ ಆನೆ ಬಂತೇ, ಬಂದಿದ್ದರೆ ಯಾರ ಹೊಲಕ್ಕೆ, ಕಂದಕ ಎಲ್ಲಿ ಕುಸಿದಿತ್ತು ಎಂಬುದೇ ಈ ಕಾಡಂಚಿನ ಊರುಗಳ ಬೆಳಗಿನ ಮೊದಲ ಸುದ್ದಿ. ವೀರನಹೊಸಹಳ್ಳಿಯ ಗೇಟಿನಾಚೆಗೆ ನಾಗರಹೊಳೆ ಶುರು. ದಸರಾ ಆನೆಗಳ ಗಜಪಯಣ ಹೊರಡುವುದೂ ಅದೇ ವೀರನಹೊಸಹಳ್ಳಿಯಿಂದ. ಪೂಜೆ ಮಾಡಿ ಕಳಿಸುವ ಆನೆ ಮತ್ತು ಪಟಾಕಿ ಹೊಡೆದು ಓಡಿಸುವ ಆನೆ ಎರಡನ್ನೂ ಈ ಜನ ಬಲ್ಲರು.

ಹತ್ತು ಗಂಟೆಯ ಹೊತ್ತಿಗೆ ಮಂಜು ಕರಗಿ ಆಕಾಶ ತೊಳೆದಿಟ್ಟಷ್ಟು ನೀಲಿ. ಶುಂಠಿ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಗೆಡ್ಡೆ ಕೀಳುತ್ತಿದ್ದಾರೆ. ಕಿತ್ತ ಗೆಡ್ಡೆಯಿಂದ ಮಣ್ಣು ಕೊಡವುವಾಗ ಏಳುವ ಘಾಟು ವಾಸನೆ ಬದುವಿನಾಚೆಗೂ ಹೋಗುತ್ತದೆ. ಪಕ್ಕದ ಹೊಲದ ಅವರೆ ಗಿಡದಲ್ಲಿ ಇನ್ನೂ ಸೊಗಡಿದೆ. ಹೊಗೆಸೊಪ್ಪು ಬೇಯಿಸಿದ ಬ್ಯಾರನ್ನುಗಳ ಬಾಗಿಲು ಮುಚ್ಚಿದೆ. ಅದರ ಯಜಮಾನರು ಬೇಲು ಹೇರಿಕೊಂಡು ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೋ ಚಿಲ್ಕುಂದಕ್ಕೋ ಹೋಗಿದ್ದಾರೆ. ಹೊಲದಲ್ಲಿ ಕೇಳುವುದು ಮಾತು, ಬಳೆ, ಗುದ್ದಲಿ, ಎಲ್ಲೋ ಒಂದು ಪಂಪ್‌ಸೆಟ್ಟು.

ಆಗ ಮೂಡಣದಿಂದ ಆ ಸದ್ದು ಬರುತ್ತದೆ.

ಮೊದಲು ಅದು ದೂರದ ಟಿಲ್ಲರ್ ಸದ್ದೆಂದೇ ಅನಿಸುತ್ತದೆ. ಬರಬರುತ್ತ ನೆಲ ಬಿಟ್ಟು ಮೇಲಕ್ಕೇರುತ್ತದೆ. ತೆಂಗಿನ ಗರಿಗಳ ಮೇಲಿಂದ ಬಿಳಿಯ ಪುಟ್ಟ ವಿಮಾನವೊಂದು ಹೊರಬೀಳುತ್ತದೆ. ರೆಕ್ಕೆ ಮೇಲೆ, ಕೂರುವ ಗೂಡು ಕೆಳಗೆ, ಮೂರು ಗಾಲಿ ಹೊರಗೇ ನೇತಾಡುತ್ತಿವೆ. ರೆಕ್ಕೆಯ ಅಡಿಯಲ್ಲಿ ಬರೆದ ಕಪ್ಪು ಅಕ್ಷರಗಳ ಆಕಾರ ಬರಿಗಣ್ಣಿಗೇ ತಿಳಿಯುತ್ತದೆ. ಅಣೆಕಟ್ಟೆಯ ನೀರಿನ ಮೇಲೆ ಒಂದು ಸುತ್ತು ಹಾಕುತ್ತದೆ. ರೆಕ್ಕೆ ವಾಲಿಸಿ ಇನ್ನೊಂದು ಸುತ್ತು, ಮತ್ತೊಂದು. ಅದರ ನೆರಳು ಶುಂಠಿ ಮಡಿಗಳ ಮೇಲೆ, ಬದುವಿನ ಮೇಲೆ, ಮೇಯುತ್ತಿದ್ದ ಹಸುವಿನ ಬೆನ್ನ ಮೇಲೆ ಹಾದುಹೋಗುತ್ತದೆ. ಹಸು ಗೂಟಕ್ಕೆ ಕಟ್ಟಿದ ಹಗ್ಗ ಬಿಗಿಯುವವರೆಗೆ ಓಡಿ ನಿಲ್ಲುತ್ತದೆ. ಅರಳಿಮರದ ಗಿಳಿಗಳೆಲ್ಲ ಒಟ್ಟಿಗೆ ಏಳುತ್ತವೆ.

ಗೆಡ್ಡೆ ಕೀಳುವ ಕೈಗಳು ನಿಲ್ಲುತ್ತವೆ. ಸೆರಗು ಹಣೆಗೆ ಅಡ್ಡ ಹಿಡಿದು ಒಬ್ಬಾಕೆ ಕೇಳುತ್ತಾಳೆ: "ಅದ್ಯಾಕ್ಲಾ ಅಲ್ಲಲ್ಲೇ ಸುತ್ತಾಕ್ತಾ ಅದೆ?"

"ಆನೆ ಗೀನೆ ನೋಡ್ತಾ ಇರ್ಬೇಕು ಕಣಕ್ಕ."

"ಆನೆ ನೋಡಾಕೆ ಇಮಾನ ಯಾಕ್ ತತ್ತಾರೆ? ಜಮೀನು ಅಳ್ಯಾಕ್ ಬಂದವ್ರೆ. ಫಾರೆಸ್ಟ್‌ನೋರ್ದೇ ಇರ್ಬೇಕು."

ಆ ಕೊನೆಯ ಮಾತು ಬಿದ್ದ ಕೂಡಲೇ ಹೊಲದ ಗಾಳಿಯೇ ಬದಲಾಗುತ್ತದೆ. ಈ ಸೀಮೆಯಲ್ಲಿ ಜಮೀನು ಅಳೆಯುವ ಮಾತು ಹಗುರವಾದದ್ದಲ್ಲ. ಬಗರ್ ಹುಕುಂ ಸಾಗುವಳಿ ಮಾಡಿಕೊಂಡು ನಮೂನೆ 50, 53, 57 ಎಂದು ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರು ಇಲ್ಲಿದ್ದಾರೆ. ಕಾಡಿನ ಗಡಿ ಕಲ್ಲು ತಮ್ಮ ಬೇಲಿಯ ಒಳಗಿದೆಯೋ ಹೊರಗಿದೆಯೋ ಎಂದು ತಾಲ್ಲೂಕು ಕಚೇರಿಗೆ ಅಲೆದವರಿದ್ದಾರೆ. ನಾಗರಹೊಳೆಯ ಒಳಗಿನಿಂದ ಎಬ್ಬಿಸಿ ತಂದು ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ನೆಲೆ ನಿಲ್ಲಿಸಿದ ಜೇನುಕುರುಬರ ಮನೆಗಳಿವೆ. ಒಮ್ಮೆ ನೆಲ ಕಳೆದುಕೊಂಡವರಿಗೆ ತಲೆ ಮೇಲಿನ ಯಾವ ಕಣ್ಣೂ ಬರೀ ಕಣ್ಣಾಗಿ ಕಾಣುವುದಿಲ್ಲ.

ಅಷ್ಟರಲ್ಲಿ ಎಲ್ಲರ ಎದೆ ಝಲ್ಲೆನ್ನುವಂಥದ್ದು ನಡೆಯುತ್ತದೆ. ಸದ್ದು ಇದ್ದಕ್ಕಿದ್ದಂತೆ ಅಡಗುತ್ತದೆ. ವಿಮಾನ ಮೂತಿ ತಗ್ಗಿಸಿ ಇಳಿಯತೊಡಗುತ್ತದೆ. ಕೊಯ್ಲಾದ ರಾಗಿ ಹೊಲದ ಕಡೆಗೆ, ಸದ್ದಿಲ್ಲದೆ, ಇನ್ನೂ ಕೆಳಕ್ಕೆ, ಇನ್ನೂ ಕೆಳಕ್ಕೆ. "ಬಿತ್ತು ಕಣ್ರೋ!" ಎಂದು ಕೂಗಿ ಹುಡುಗರು ಓಡುತ್ತಾರೆ. ಇನ್ನೇನು ಮರದ ತಲೆಗೆ ತಾಗಿತು ಎನ್ನುವಾಗ ಇಂಜಿನ್ ಮತ್ತೆ ಭರ್ರೆಂದು ಗರ್ಜಿಸುತ್ತದೆ. ಮೂತಿ ಮೇಲಾಗುತ್ತದೆ. ವಿಮಾನ ಹುಣಸೂರಿನ ದಿಕ್ಕಿಗೆ ಹೊರಟು ಚುಕ್ಕಿಯಾಗಿ ಮಾಯವಾಗುತ್ತದೆ. ಮಿಲಿಟರಿಯಲ್ಲಿದ್ದು ಬಂದ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ಎಲ್ಲರಿಗೂ ಹೇಳುತ್ತಾರೆ: "ಕಲಿಯೋ ಹುಡುಗ್ರು ಕಣ್ರಪ್ಪ. ಇಂಜಿನ್ ನಿಂತೋದ್ರೆ ಎಲ್ಲಿ ಇಳೀಬೇಕು ಅಂತ ಪಾಠ ಕಲೀತಾವ್ರೆ. ಹೆದ್ರುಕೋಬ್ಯಾಡಿ."

ಅವರ ಮಾತು ಸರಿ. ಮೈಸೂರಿನ ಮಂಡಕಳ್ಳಿಯಲ್ಲಿರುವ ವಿಮಾನ ನಿಲ್ದಾಣ ಮಹಾರಾಜರ ಕಾಲದ್ದು, 1940ರಲ್ಲಿ ಮೈಸೂರು ಸಂಸ್ಥಾನವೇ ಕಟ್ಟಿಸಿದ್ದು. ದೊಡ್ಡ ವಿಮಾನಗಳಿಗೆ ತಕ್ಕ ಹಾಗೆ ಹೊಸದಾಗಿ ಸಜ್ಜಾಗಿ ಅದು ಮತ್ತೆ ತೆರೆದದ್ದು 2010ರಲ್ಲಿ. ಪ್ರಯಾಣಿಕರ ವಿಮಾನಗಳ ನಡುವಿನ ಬಿಡುವಿನಲ್ಲಿ ಅಲ್ಲಿಂದ ತರಬೇತಿಯ ಪುಟ್ಟ ವಿಮಾನಗಳೂ ಏರುತ್ತವೆ. ಇಂಥ ಕಲಿಕೆಗೆ ಲೋಕದಲ್ಲೆಲ್ಲ ಹೆಚ್ಚು ಬಳಕೆಯಾಗಿರುವುದು ಸೆಸ್ನಾ ಕಂಪನಿಯ 152 ಮತ್ತು 172. ಸೆಸ್ನಾ 152ರಲ್ಲಿ ಎರಡೇ ಸೀಟು, ಕಲಿಯುವವರಿಗೊಂದು, ಕಲಿಸುವವರಿಗೊಂದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹತ್ತು ಮೀಟರು. ಜನ, ಇಂಧನ ಎಲ್ಲ ಸೇರಿ ತೂಕ 757 ಕಿಲೋ ಮೀರುವಂತಿಲ್ಲ. ನಮ್ಮ ಹೊಲದ ಟ್ರ್ಯಾಕ್ಟರ್ ಅದರ ಎರಡರಷ್ಟಕ್ಕಿಂತ ಹೆಚ್ಚು ತೂಗುತ್ತದೆ. ಮಂಡಕಳ್ಳಿಯಿಂದ ಹನಗೋಡಿಗೆ ಬರಲು ಅದಕ್ಕೆ ಇಪ್ಪತ್ತು ನಿಮಿಷ ಸಾಕು.

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕೆಂದರೆ ನಮ್ಮ ದೇಶದಲ್ಲಿ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾವೇ ಹೊಣೆ ಹೊತ್ತು ಹಾರಿಸಿರಬೇಕು. ಈ ಗಂಟೆಗಳೆಲ್ಲ ಕಳೆಯುವುದು ಊರಿನ ಗಿಜಿಗಿಜಿಯಿಂದ ದೂರ, ಹೊಲ ಕೆರೆ ಕಾಡಂಚುಗಳ ಮೇಲೆ. ಸುತ್ತು ಹಾಕುವುದೂ ಒಂದು ಪಾಠ. ನೆಲದ ಮೇಲಿನ ಒಂಟಿ ಮರವನ್ನೋ ಕೆರೆಯ ಏರಿಯನ್ನೋ ಗುರುತಿಟ್ಟುಕೊಂಡು, ಗಾಳಿ ಎತ್ತ ತಳ್ಳಿದರೂ ಆ ಗುರುತಿನಿಂದ ಒಂದೇ ದೂರ ಕಾಯ್ದುಕೊಂಡು ತಿರುಗಬೇಕು. ರೆಕ್ಕೆಯನ್ನು 45 ಡಿಗ್ರಿ ವಾಲಿಸಿ, ಎತ್ತರ ಒಂದಿಷ್ಟೂ ಕಳೆದುಕೊಳ್ಳದೆ ಪೂರ್ತಿ ಒಂದು ಸುತ್ತು ಬರಬೇಕು. ಕೆಳಗಿನವರಿಗೆ ತಮ್ಮನ್ನೇ ಯಾರೋ ನೋಡುತ್ತಿದ್ದಾರೆ ಅನಿಸುವ ಹೊತ್ತಿನಲ್ಲಿ ಮೇಲಿರುವ ಹುಡುಗಿಯೋ ಹುಡುಗನೋ ಬೆವರುತ್ತ ಎತ್ತರ ತೋರಿಸುವ ಮುಳ್ಳನ್ನೇ ನೋಡುತ್ತಿರುತ್ತಾರೆ.

ಸದ್ದು ನಿಲ್ಲಿಸಿ ಇಳಿಯುವುದು ಇದಕ್ಕಿಂತ ದೊಡ್ಡ ಪಾಠ. ಹೇಳದೆ ಕೇಳದೆ ಗುರು ಕೈ ಚಾಚಿ ಇಂಜಿನ್ ಶಕ್ತಿಯ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆಯುತ್ತಾರೆ. ಇಂಜಿನ್ ಸಾಯುವುದಿಲ್ಲ, ಮೆಲ್ಲಗೆ ತಿರುಗುತ್ತಿರುತ್ತದೆ. ಆದರೆ ಎಳೆಯುವ ಬಲ ಇರುವುದಿಲ್ಲ. ಶಿಷ್ಯರು ಮೂತಿಯನ್ನು ಹದವಾಗಿ ತಗ್ಗಿಸಿ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ತೇಲಿಸಿಕೊಂಡು, ಇಳಿಯಲು ತಕ್ಕ ಹೊಲ ಹುಡುಕಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಲೆಯ ಹೊಗೆ, ಕಸ ಸುಟ್ಟ ಹೊಗೆ ನೋಡಿ ತಿಳಿಯಬೇಕು. ಉತ್ತ ನೆಲ ಬೇಡ, ಗಾಲಿ ಹೂತು ಮಗುಚುತ್ತದೆ. ಎದೆಯೆತ್ತರದ ಜೋಳ ಬೇಡ. ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಂಡರೆ ತಂತಿ ಇದೆ ಎಂದುಕೊಳ್ಳಬೇಕು. ಕೊಯ್ಲಾದ ರಾಗಿ ಹೊಲ ಒಳ್ಳೆಯದು, ಆದರೆ ಅದರ ಆಚೆ ಬದಿಯಲ್ಲಿ ಮನೆ ಇರಬಾರದು. ಇಷ್ಟನ್ನೂ ಎರಡು ಮೂರು ನಿಮಿಷದಲ್ಲಿ ತೀರ್ಮಾನಿಸಿ, ಸಾಲು ಹಿಡಿದು ಇಳಿಸುತ್ತ ಬಂದು, ಮಿತಿಯ ಎತ್ತರ ಮುಟ್ಟುತ್ತಲೇ ಮತ್ತೆ ಶಕ್ತಿ ಕೊಟ್ಟು ಏರಬೇಕು. ಆ ಮಿತಿಯನ್ನು ನಿಯಮ ಹೇಳುತ್ತದೆ. ಜನವಸತಿಯ ಮೇಲೆ ಹಾರುವಾಗ, 600 ಮೀಟರ್ ವ್ಯಾಪ್ತಿಯಲ್ಲಿ ಇರುವ ಅತಿ ಎತ್ತರದ ತಡೆಗಿಂತ 1,000 ಅಡಿ ಮೇಲಿರಬೇಕು. ಬಯಲು ಹೊಲದ ಮೇಲೆ ನೆಲದಿಂದ 500 ಅಡಿ. ಏರುವಾಗ, ಇಳಿಯುವಾಗ, ಇಲ್ಲವೇ ವಿಶೇಷ ಅನುಮತಿ ಇದ್ದಾಗ ಮಾತ್ರ ವಿನಾಯಿತಿ.

ಈ ಪಾಠ ಎಷ್ಟು ಅಗತ್ಯ ಎಂಬುದನ್ನು ನಮ್ಮ ಪಕ್ಕದ ಜಿಲ್ಲೆಯೇ ಕಂಡಿದೆ. 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ಹೊಲದಲ್ಲಿ ಬಿದ್ದು ಉರಿಯಿತು. ಇಬ್ಬರು ಪೈಲಟ್‌ಗಳು, ಅವರಲ್ಲೊಬ್ಬರು ಮಹಿಳೆ, ಪ್ಯಾರಾಚೂಟಿನಲ್ಲಿ ಜಿಗಿದು ಉಳಿದರು. ಊರಿನ ಮೇಲೆ ಬೀಳದೆ ಬಯಲಲ್ಲಿ ಬಿದ್ದದ್ದರಿಂದ ನೆಲದ ಮೇಲೂ ಯಾರೂ ಸಾಯಲಿಲ್ಲ. ಮೇಲಿನವರ ಜೀವವೂ ಕೆಳಗಿನವರ ಜೀವವೂ ಒಂದೇ ಹೊಲಕ್ಕೆ ಕಟ್ಟಿಕೊಂಡಿವೆ ಎಂಬುದು ಅಂದು ಎಲ್ಲರಿಗೂ ಕಂಡಿತು. ಆದ್ದರಿಂದ ಹನಗೋಡಿನ ರಾಗಿ ಹೊಲದ ಮೇಲೆ ಒಬ್ಬ ಹುಡುಗಿ ಇಳಿಯುವುದನ್ನು ಕಲಿತು ಹೋದರೆ ಅದು ಈ ನೆಲ ಮಾಡಿದ ಉಪಕಾರವೆಂದೇ ನಾನು ನಂಬುತ್ತೇನೆ. ನನಗೆ ನೋವಾಗುವುದು ಬೇರೆ ಕಡೆ. ಅವಳು ಏನು ಕಲಿಯುತ್ತಿದ್ದಾಳೆ ಎಂದು ಶುಂಠಿ ಕೀಳುವ ಆ ಹೆಂಗಸಿಗೆ ಯಾರೂ ಹೇಳಿಲ್ಲ. ಮಿಲಿಟರಿಯಿಂದ ಬಂದವರು ಪಕ್ಕದಲ್ಲಿ ಇರದಿದ್ದರೆ ಅಂದು ಸಂಜೆಯ ಹೊತ್ತಿಗೆ ಜಮೀನು ಹೋಯಿತು ಎಂಬ ಸುದ್ದಿ ಪಿರಿಯಾಪಟ್ಟಣದವರೆಗೂ ಹಬ್ಬುತ್ತಿತ್ತು.

ಆಕಾಶದಲ್ಲಿ ಸುತ್ತುವುದೆಲ್ಲ ಕಲಿಕೆಯ ವಿಮಾನವೇ ಅಲ್ಲ. 2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಲ್ಲಿ ‘ವರ್ಷಧಾರೆ’ ಮೋಡ ಬಿತ್ತನೆಗೆ ಚಾಲನೆ ಸಿಕ್ಕಿತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಯೋಜನೆ ಅದು, ಆಗ ಸಚಿವರಾಗಿದ್ದವರು ಎಚ್.ಕೆ. ಪಾಟೀಲ. ಬೆಂಗಳೂರು, ಗದಗ, ಸುರಪುರಗಳ ರಾಡಾರ್ ಮೋಡ ತೋರಿಸುತ್ತಿತ್ತು. ವಿಮಾನ ಆ ಮೋಡದ ಹೊಟ್ಟೆಯ ಕೆಳಗೆ ಸುತ್ತುತ್ತ, ರೆಕ್ಕೆಗೆ ಕಟ್ಟಿದ ಕಡ್ಡಿಗಳನ್ನು ಉರಿಸಿ ಉಪ್ಪಿನ ಕಣಗಳನ್ನು ಬಿಡುತ್ತಿತ್ತು. ಕೆಳಗಿನಿಂದ ಎದ್ದ ಗಾಳಿ ಅವನ್ನು ಮೇಲಕ್ಕೊಯ್ಯುತ್ತದೆ, ತೇವ ಅವಕ್ಕೆ ಅಂಟಿ ಹನಿ ದಪ್ಪಗಾಗುತ್ತದೆ. ಮೋಡವಿಲ್ಲದಿದ್ದರೆ ಬಿತ್ತುವುದಕ್ಕೇ ಏನೂ ಇಲ್ಲ. ಈ ಒಂದು ಮಾತನ್ನು ಮಳೆಗೆ ಕಾದು ಕೂತ ರೈತನಿಗೆ ಹೊಲದ ಬದಿಯಲ್ಲಿ ನಿಂತು ಹೇಳಿದ್ದರೆ, ವಿಮಾನ ಬಂದು ಹೋದ ಮೇಲೂ ಮಳೆ ಬಾರದಿದ್ದಾಗ ಅವನ ಮನಸ್ಸಿನಲ್ಲಿ ಅನುಮಾನ ಬೇರೂರುತ್ತಿರಲಿಲ್ಲ.

ಇನ್ನೊಂದು ಬಗೆಯ ವಿಮಾನ ಇದಕ್ಕಿಂತಲೂ ಕೆಳಗೆ ಹಾರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2017ರಲ್ಲಿ ದೇಶದ ಖನಿಜ ಸಾಧ್ಯತೆಯ ನೆಲವನ್ನೆಲ್ಲ ಆಕಾಶದಿಂದ ಅಳೆಯುವ ಕಾರ್ಯಕ್ರಮ ಹಿಡಿಯಿತು. ನೆಲದಿಂದ ಸುಮಾರು 80 ಮೀಟರ್ ಎತ್ತರ, ಒಂದು ಗೆರೆಗೂ ಇನ್ನೊಂದಕ್ಕೂ 300 ಮೀಟರ್ ಅಂತರ. ಆರು ಹೂಡಿದವರು ಹೊಲದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಮತ್ತೆ ಪಕ್ಕದ ಸಾಲು ಹಿಡಿಯುವ ಹಾಗೆ ವಿಮಾನ ಹೋಗಿ ಬಂದು ಮಾಡುತ್ತದೆ. ಅದರೊಳಗಿನ ಉಪಕರಣ ಕಲ್ಲಿನ ಕಾಂತಗುಣವನ್ನೂ ನೆಲದಿಂದ ಹೊಮ್ಮುವ ಗಾಮಾ ಕಿರಣವನ್ನೂ ಬರೆದುಕೊಳ್ಳುತ್ತದೆ. ಯಾರ ಮನೆಯ ಹಿತ್ತಲಲ್ಲಿ ಏನಿದೆ ಎಂಬುದು ಅದಕ್ಕೆ ಬೇಕಿಲ್ಲ. ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದ ಮೇಲೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಹೆಲಿಕಾಪ್ಟರ್ ಹಾರಿಸಿದ್ದು ನೀರಿಗಾಗಿ. ಹೆಲಿಕಾಪ್ಟರಿನ ಕೆಳಗೆ ಹಗ್ಗದಲ್ಲಿ ನೇತುಬಿಟ್ಟ ದೊಡ್ಡ ಚೌಕಟ್ಟಿನಲ್ಲಿ ತಂತಿ ಸುತ್ತಿತ್ತು. ಅದು ನೆಲದೊಳಕ್ಕೆ ವಿದ್ಯುತ್ಕಾಂತ ಮಿಡಿತ ಕಳಿಸಿ, ಮರಳಿ ಬಂದದ್ದನ್ನು ಹಿಡಿದು, ಬಂಡೆ ಎಷ್ಟು ಆಳದಲ್ಲಿ ಬಿರುಕಿದೆ, ನೀರು ಎಲ್ಲಿ ನಿಂತಿದೆ ಎಂದು ತಿಳಿಯುತ್ತಿತ್ತು. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲಕ್ಕೆ ಬಿದ್ದ ಊರಿನ ಜನ ಇದನ್ನು ಕೈ ಬೀಸಿ ಸ್ವಾಗತಿಸುತ್ತಾರೆ. ಆದರೆ ಅದು ಏನೆಂದು ಗೊತ್ತಿರಬೇಕು.

ಕಾಡಿನ ಮೇಲೂ ಹಾರಾಟವಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದವು. ಕೆಳಗೆ ನೇತುಬಿಟ್ಟ ದೊಡ್ಡ ಚೀಲದಲ್ಲಿ ನೀರು ಮೊಗೆದು ತಂದು ಬೆಂಕಿಯ ಮೇಲೆ ಸುರಿದವು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಸೀಮೆಯಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು, ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಆ ದಿನಗಳಲ್ಲಿ ಹುಲಿ ಹುಡುಕಲು ಸಾಕಾನೆಗಳ ಜೊತೆಗೆ ಡ್ರೋನ್‌ಗಳೂ ಏರಿದವು. ಮೈಶಾಖವನ್ನು ಗುರುತಿಸುವ ಕ್ಯಾಮೆರಾ ಅವುಗಳ ಹೊಟ್ಟೆಯಲ್ಲಿತ್ತು. ಕತ್ತಲ ಜೋಳದ ಹೊಲದಲ್ಲಿ ಮಲಗಿದ ಹುಲಿ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಇದರಿಂದ ಉಳಿಯುವ ಜೀವಗಳು ಹುಲಿಯದೂ ಹೌದು, ಮನುಷ್ಯರದೂ ಹೌದು.

ಆದರೆ ಅದೇ ಕ್ಯಾಮೆರಾದಲ್ಲಿ ಮನುಷ್ಯರ ಮೈಯೂ ಬೆಳ್ಳಗೇ ಕಾಣುತ್ತದೆ. ಆದಿವಾಸಿ ಹಾಡಿಯ ಹೆಣ್ಣುಮಕ್ಕಳು ಬೆಳಕು ಹರಿಯುವ ಮುನ್ನ ಬಯಲಿಗೆ ಹೋಗುವ ದಾರಿ, ಹೊಳೆಯಲ್ಲಿ ಮೈ ತೊಳೆಯುವ ಜಾಗ, ಬೇಸಿಗೆಯಲ್ಲಿ ಅಂಗಳದಲ್ಲೇ ಮಲಗುವ ಸಂಸಾರ ಎಲ್ಲವೂ ಅದರ ಕೆಳಗೇ ಇವೆ. ಖಾಸಗಿ ಬದುಕು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಪಟ್ಟಣದ ಕದ ಹಾಕಿದ ಮನೆಗಷ್ಟೇ ಇರುವುದಲ್ಲ. ಕದವಿಲ್ಲದ ಗುಡಿಸಿಲಿಗೆ ಅದು ಇನ್ನೂ ಹೆಚ್ಚು ಬೇಕು.

ಮೇಲಿನ ಗಾಳಿ ಯಾರದು ಎಂಬ ಪ್ರಶ್ನೆ ಹೊಸತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕಾಸ್ಬಿ ಎಂಬ ಕೋಳಿ ಸಾಕುವ ರೈತನ ಜಮೀನಿನ ಮೇಲೆ ಯುದ್ಧವಿಮಾನಗಳು 83 ಅಡಿ ಎತ್ತರದಲ್ಲಿ ಹಾದು ಇಳಿಯುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸತ್ತವು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೆಲದ ಒಡೆತನ ಆಕಾಶದ ತುದಿಯವರೆಗೆ ಹೋಗುವುದಿಲ್ಲ, ಆದರೆ ಬದುಕು ನಡೆಸಲು ಬೇಕಾದಷ್ಟು ಎತ್ತರ ಮನೆಯವರದೇ ಎಂದು ತೀರ್ಪು ಕೊಟ್ಟು ಅವನ ಪರ ನಿಂತಿತು. ನಮ್ಮಲ್ಲಿ 1934ರ ವಿಮಾನ ಕಾಯ್ದೆಯ 17ನೆಯ ಕಲಮು, ಸಮಂಜಸವಾದ ಎತ್ತರದಲ್ಲಿ ಬರೀ ಹಾದುಹೋದದ್ದಕ್ಕೇ ದಾವೆ ಹೂಡುವಂತಿಲ್ಲ ಎಂದಿತು. ಆ ಕಾಯ್ದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಎತ್ತರ ಸಮಂಜಸವೇ ಎಂದು ಅಳೆಯಲು ಮಾತ್ರ ಹೊಲದಲ್ಲಿ ನಿಂತವರ ಕೈಯಲ್ಲಿ ಏನೂ ಇಲ್ಲ.

ಹೇಳದೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಕನ್ನಡ ನಾಡು ಸಾಕ್ಷಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣೀನಗರ. ಗುಡ್ಡದ ನೆತ್ತಿಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಅಡಿಕೆ ತೋಟ, ಶಾಲೆ. ಗೇರು ಹೂವಿಗೆ ಬೀಳುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಬಂದು ಗುಡ್ಡದ ಮೇಲೆ ಸುತ್ತುತ್ತ ಎಂಡೋಸಲ್ಫಾನ್ ಸುರಿಯಿತು. ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದರು. ಮಂಜು ಮುಖದ ಮೇಲೇ ಬೀಳುತ್ತಿತ್ತು. ಅಲ್ಲಿಯ ಜನ ಕುಡಿಯುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ತೋಡಿನ ನೀರು. ಬಾವಿಗಾದರೆ ಮುಚ್ಚಳ ಹಾಕಬಹುದು, ಹರಿಯುವ ತೋಡಿಗೆ ಯಾರು ಮುಚ್ಚಳ ಹಾಕುವುದು? ಗುಡ್ಡಕ್ಕೆ ಬಿದ್ದದ್ದು ಮೊದಲ ಮಳೆಗೆ ಅಡಿಗೆ ಮನೆಯ ಕೊಡಕ್ಕೇ ಬಂತು.

ಅಂಗ ಊನವಾದ ಕರುಗಳ ವಿಷಯವನ್ನು ಮೊದಲೇ ಗಮನಿಸಿ ಬರೆದವರು ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ. ಊರಿನ ಒಂದೇ ಸೀಮೆಯಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು ಕೇಳಿ ವೈದ್ಯಲೋಕದ ಗಮನ ಸೆಳೆದವರು ಅಲ್ಲಿಯ ವೈದ್ಯ ವೈ.ಎಸ್. ಮೋಹನಕುಮಾರ್. ಕೋರ್ಟಿಗೆ ಹೋಗಿ ಹೆಲಿಕಾಪ್ಟರ್ ನಿಲ್ಲಿಸುವ ಹೋರಾಟ ಮಾಡಿದವರು ಲೀಲಾಕುಮಾರಿ ಅಮ್ಮ. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಗಡಿಯ ಈಚೆಗೆ, ಬೆಳ್ತಂಗಡಿ ಸೀಮೆಯ ಕೊಕ್ಕಡ, ಪಟ್ರಮೆಗಳಲ್ಲಿಯೂ ಸರ್ಕಾರದ ಗೇರು ತೋಟಗಳ ಮೇಲೆ ಅದೇ ವಿಷ ಅದೇ ರೀತಿ ಬಿದ್ದಿತ್ತು. ಇಂದೂ ಆ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳಿಗೆ ತುತ್ತು ಕೊಡುವ ಅಮ್ಮಂದಿರಿದ್ದಾರೆ, ಅವರಿಗೀಗ ವಯಸ್ಸಾಗಿದೆ. ತಲೆಯ ಮೇಲೆ ಸುತ್ತುವುದು ಏನನ್ನು ಬಿಡುತ್ತಿದೆ ಎಂದು ಆ ಊರಿಗೆ ಮೊದಲ ದಿನವೇ ತಿಳಿದಿದ್ದರೆ, ಬೇಡವೆನ್ನುವ ಅವಕಾಶವಿದ್ದಿದ್ದರೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ನಡೆಯುತ್ತಿರಲಿಲ್ಲ.

ಔಷಧಿ ಹೊಡೆಯುವ ಹಾರಾಟ ಈಗ ಹೊಸ ರೂಪದಲ್ಲಿ ನಮ್ಮ ಹೊಲಕ್ಕೇ ಬಂದಿದೆ. ಬೆಂಗಳೂರಿನ ಎಚ್‌ಎಎಲ್ ಕೃಷಿಗೆಂದೇ ‘ಬಸಂತ್’ ಎಂಬ ಒಂದು ಸೀಟಿನ ವಿಮಾನ ಮಾಡಿತ್ತು. ಅದು ಮೊದಲು ಹಾರಿದ್ದು 1972ರ ಮಾರ್ಚ್ 30ರಂದು, ಒಟ್ಟು 39 ಮಾಡಿ ನಿಲ್ಲಿಸಿದರು. ಅದರ ಕೆಲಸವನ್ನು ಈಗ ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಮಾಡುತ್ತದೆ. ಬೆಳೆಯ ತಲೆಯಿಂದ ಎರಡು ಮೂರು ಮೀಟರ್ ಮೇಲೆ, ಎಕರೆಗೆ ಕೆಲವೇ ನಿಮಿಷ. ಬೆನ್ನಿಗೆ ಕ್ಯಾನ್ ಹೊತ್ತು ವಿಷ ಉಸಿರಾಡುತ್ತ ನಡೆಯುವ ಕೂಲಿಯಾಳಿಗೆ ಇದರಿಂದ ಬಿಡುಗಡೆ, ಇದು ದೊಡ್ಡ ಲಾಭ. ಆದರೆ ಗಾಳಿ ಬೀಸಿದರೆ ಹನಿ ಬದು ದಾಟುತ್ತದೆ. ಪಕ್ಕದ ಹೊಲದ ಸೊಪ್ಪಿನ ಮಡಿ, ರೇಷ್ಮೆಯವರ ಹಿಪ್ಪುನೇರಳೆ, ಹಾಡಿಯವರ ಜೇನು ಎಲ್ಲ ಒಂದೇ ಗಾಳಿಯಲ್ಲಿವೆ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನ ಮೇಲೆ ಒಂದು ಹನಿ ಬಿದ್ದರೂ ಆ ಬೆಳೆ ಪೂರ್ತಿ ಹೋಯಿತೆಂದೇ ಲೆಕ್ಕ. ಹಿಂದಿನ ದಿನ ಒಂದು ಮಾತು ಹೇಳಿದರೆ ಪಕ್ಕದವರು ಮುಂಚೆಯೇ ಸೊಪ್ಪು ಕೊಯ್ದಿಟ್ಟುಕೊಳ್ಳುತ್ತಾರೆ.

ಹೇಳಿ ಹಾರುವುದು ಆಗದ ಕೆಲಸವೇನಲ್ಲ, ಅದನ್ನು ನಾವು ಕಂಡಿದ್ದೇವೆ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಸ್ವಾಮಿತ್ವ’ ಯೋಜನೆ ಪ್ರಕಟಿಸಿತು. ಮೊದಲ ಹಂತಕ್ಕೆ ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಲಕ್ಕೆ ಪಹಣಿ ಇದೆ, ಸರ್ವೆ ನಂಬರ್ ಇದೆ. ಆದರೆ ಗ್ರಾಮಠಾಣಾದೊಳಗಿನ ಮನೆ, ಹಿತ್ತಲು, ಕೊಟ್ಟಿಗೆಗಳಿಗೆ ಅಳತೆಯ ನಕ್ಷೆ ಇರಲಿಲ್ಲ. ಅದಕ್ಕಾಗಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಡ್ರೋನ್ ಊರ ಮೇಲೆ ಹಾರಬೇಕಿತ್ತು. ಹಾರುವ ಮುಂಚೆ ಗ್ರಾಮಸಭೆ. ಆಮೇಲೆ ಸುಣ್ಣದ ಪುಡಿ. ಭೂಮಾಪಕರು, ಪಂಚಾಯಿತಿಯವರು, ಮನೆಯವರು, ಅಕ್ಕಪಕ್ಕದವರು ಒಟ್ಟಿಗೆ ನಡೆದು ಗಡಿಗೆ ಬಿಳಿಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಮೇಲಿನ ಕ್ಯಾಮೆರಾ ಹಿಡಿಯುತ್ತದೆ.

ಹೀಗೆ ಗೆರೆ ಎಳೆಯುವ ಬೆಳಗನ್ನು ನೋಡಬೇಕು. ಅಜ್ಜಿಯೊಬ್ಬಳು ಸುಣ್ಣದ ಪುಡಿ ಹಿಡಿದ ಹುಡುಗನ ಮುಂದೆ ನಿಂತು, "ಇಲ್ಲಿಂದ ಅಲ್ಲ ಮಗ, ಆ ಹೊಂಗೆ ಮರದಿಂದ. ನಮ್ ಮಾವನೋರ್ ಕಾಲ್ದಲ್ಲಿ ಬಚ್ಚಲು ನೀರು ಅಲ್ಲಿಂದ್ಲೇ ಓಗ್ತಿದ್ದದ್ದು" ಎನ್ನುತ್ತಾಳೆ. ಪಕ್ಕದ ಮನೆಯವನು ಒಪ್ಪುವುದಿಲ್ಲ. ದನಿ ಏರುತ್ತದೆ. ಹಿರಿಯರು ಬಂದು ಹೊಂಗೆ ಮರಕ್ಕೂ ಗೋಡೆಗೂ ನಡುವೆ ಮಾರು ಹಾಕುತ್ತಾರೆ. ಕೊನೆಗೆ ಇಬ್ಬರೂ ಒಪ್ಪಿದ ಜಾಗದಲ್ಲಿ ಬಿಳಿಗೆರೆ ಬೀಳುತ್ತದೆ. ಆಮೇಲೆ ಡ್ರೋನ್ ಏರಿದಾಗ ಆ ಅಜ್ಜಿಯ ಮುಖದಲ್ಲಿ ಭಯವಿರುವುದಿಲ್ಲ. ಅದು ತನ್ನ ಗೆರೆಯನ್ನು ನೋಡಲು ಏರಿದೆ ಎಂದು ಅವಳಿಗೆ ಗೊತ್ತು. ನಕ್ಷೆ ತಪ್ಪಿದರೆ ಆಕ್ಷೇಪ ಹೇಳುವ ದಿನವೂ ಇದೆ ಎಂದು ಗೊತ್ತು. ಹಾರುವ ಯಂತ್ರ ಅದೇ, ಕ್ಯಾಮೆರಾ ಅದೇ. ಮೊದಲೇ ಆಡಿದ ಮಾತು ಎಲ್ಲವನ್ನೂ ಬದಲಿಸುತ್ತದೆ.

ಹಾಗಾಗಿ ನನ್ನ ಬೇಡಿಕೆ ಸರಳ. ತರಬೇತಿಯ ವಿಮಾನ ದಿನಕ್ಕೆಷ್ಟು ಸಲ ಬಂತೆಂದು ಊರೂರಿಗೆ ಹೇಳಲಾಗುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಯಾವ ಹೋಬಳಿಗಳ ಮೇಲೆ ಕಲಿಕೆ ನಡೆಯುತ್ತದೆ, ಇಂಜಿನ್ ಸದ್ದು ಅಡಗಿದರೆ ಅದು ಪಾಠ, 500 ಅಡಿಗಿಂತ ಕೆಳಗೆ ಬಂದರೆ ದೂರು ಕೊಡಬೇಕಾದದ್ದು ಇಲ್ಲಿಗೆ ಎಂದು ವರ್ಷಕ್ಕೊಮ್ಮೆ ಪಂಚಾಯಿತಿಗೆ ಪತ್ರ ಬರಲಿ. ಹನಗೋಡಿನ, ಪಿರಿಯಾಪಟ್ಟಣದ, ಕೆ.ಆರ್. ನಗರದ, ಎಚ್.ಡಿ. ಕೋಟೆಯ ಶಾಲೆಗಳ ಮಕ್ಕಳನ್ನು ಒಂದು ದಿನ ಮಂಡಕಳ್ಳಿಗೆ ಕರೆದೊಯ್ದು ಆ ಎರಡು ಸೀಟಿನಲ್ಲಿ ಕೂರಿಸಿ ತೋರಿಸಲಿ. ತಮ್ಮ ಹೊಲದ ಮೇಲೆ ಕಲಿತವರನ್ನು ನೋಡಿದ ಮಗು ನಾಳೆ ತಾನೂ ಕಲಿಯಬೇಕೆಂದು ಆಸೆಪಡಬಹುದು. ಅಳತೆಗೆ, ಮೋಡ ಬಿತ್ತನೆಗೆ, ಔಷಧಿಗೆ, ಪ್ರಾಣಿ ಹುಡುಕಲು ಹಾರುವವರು ಮಾತ್ರ ಪ್ರತಿ ಸಲವೂ ಹೇಳಲೇಬೇಕು. ಯಾರು, ಯಾತಕ್ಕೆ, ಯಾವ ದಿನ, ತೆಗೆದ ಚಿತ್ರ ಯಾರ ಬಳಿ ಉಳಿಯುತ್ತದೆ, ಯಾರನ್ನು ಕೇಳಬೇಕು ಎಂಬ ಐದು ಸಾಲು ಪಂಚಾಯಿತಿಯ ಬೋರ್ಡಿನಲ್ಲಿ ಕನ್ನಡದಲ್ಲಿ ಇರಲಿ. ಓದು ಬಾರದವರಿಗೆ, ಹಾಡಿಯವರಿಗೆ ತಮಟೆ ಬಾರಿಸಿ ಸಾರಲಿ. ವಾಟ್ಸ್‌ಆ್ಯಪ್ ಬಂದ ಮೇಲೂ ಈ ಸೀಮೆಯಲ್ಲಿ ತಮಟೆಯ ಸದ್ದಿಗೆ ಬಾಗಿಲು ತೆರೆದು ಬರುವವರಿದ್ದಾರೆ.

ಪೈಲಟ್ ಎಂಥ ಅನುಭವಿಯೇ ಆಗಿರಲಿ, ಇಂಜಿನ್ ಚಾಲೂ ಮಾಡುವ ಮುನ್ನ ಒಂದು ಪಟ್ಟಿ ಹಿಡಿದು ವಿಮಾನದ ಸುತ್ತ ನಡೆಯುತ್ತಾರೆ. ಇಂಧನ ಎಷ್ಟಿದೆ, ಎಣ್ಣೆ ಎಷ್ಟಿದೆ, ರೆಕ್ಕೆಯ ತಿರುಪು ಬಿಗಿಯಿದೆಯೇ, ಗಾಳಿ ಯಾವ ಕಡೆ, ಮೋಡ ಎಷ್ಟು ಕೆಳಗಿದೆ. ಒಂದನ್ನೂ ನೆನಪಿಗೆ ಬಿಡದೆ ಓದಿ, ಮುಟ್ಟಿ, ನೋಡಿ ಗುರುತು ಹಾಕುತ್ತಾರೆ. ಹಳ್ಳಿಗಳ ಮೇಲೆ ಹಾರಲು ಹೊರಟ ಎಲ್ಲರ ಪಟ್ಟಿಯಲ್ಲೂ ಇನ್ನೊಂದು ಸಾಲು ಸೇರಲಿ: ಕೆಳಗಿರುವವರಿಗೆ ಹೇಳಿದ್ದೇವೆಯೇ? ಅದಕ್ಕೆ ಹೌದೆಂದು ಗುರುತು ಬಿದ್ದ ಮೇಲೆಯೇ ಗಾಲಿ ನೆಲ ಬಿಡಲಿ.